ಮಳೆಗಾಲಕ್ಕೆ ಮುಂಚೆ ಕ್ಯಾರವಾನ್‌ನ ನೀರಿನ ಲೈನ್ ಖಾಲಿ ಮಾಡಿ

ತೀರ್ಥಹಳ್ಳಿ, ಆಗುಂಬೆ ಕಡೆ ಕ್ಯಾರವಾನ್ ಇಟ್ಟುಕೊಂಡವರು ಮೇ ಕೊನೆಯೊಳಗೆ ಈ ಕೆಲಸ ಮುಗಿಸಿಬಿಡಿ. ನಮ್ಮಲ್ಲಿ ಪೈಪಿನೊಳಗೆ ನೀರು ಹೆಪ್ಪುಗಟ್ಟುವುದಿಲ್ಲ, ನಿಜ. ಆದರೆ ಮಳೆ ಮುಗಿಯುವವರೆಗೆ ಗಾಡಿ ಸುಮ್ನೆ ನಿಂತರೆ ಟ್ಯಾಂಕಿನಲ್ಲಿ ಉಳಿದ ನೀರು ಲೋಳೆ ಕಟ್ಟುತ್ತದೆ, ಆ ವಾಸನೆ ಬೇಗ ಹೋಗುವುದೂ ಇಲ್ಲ.

ಮೊದಲು ಗೀಸರ್ ಆಫ್ ಮಾಡಿ ಪೂರ್ತಿ ತಣ್ಣಗಾಗಲು ಬಿಡಿ. ಇಲ್ಲಿ ಮಾತ್ರ ಆತುರ ಬೇಡವೇ ಬೇಡ. ಒಳಗಿನ ಬಿಸಿನೀರು ಒತ್ತಡದಲ್ಲಿರುತ್ತದೆ, ಗೀಸರಿನ ನೀರು ಹೊರಬಿಡುವ ಪ್ಲಗ್ ಬಿಚ್ಚಿದ ಕೂಡಲೇ ಮೈಮೇಲೆ ಚಿಮ್ಮುತ್ತದೆ. ಪಂಪ್ ನಿಲ್ಲಿಸಿ, ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸಿ, ಆಮೇಲೆ ಪ್ಲಗ್ ತೆಗೆಯಿರಿ.

ಟ್ಯಾಂಕ್ ಖಾಲಿ ಮಾಡಿ, ಎಲ್ಲ ನಲ್ಲಿ ತೆರೆದಿಡಿ, ಶವರ್ ಪೈಪನ್ನು ಕೆಳಗೆ ಇಳಿಬಿಡಿ. ಪಂಪನ್ನು ಅರ್ಧ ನಿಮಿಷ ಓಡಿಸಿ, ಅದಕ್ಕಿಂತ ಜಾಸ್ತಿ ಬೇಡ. ಫಿಲ್ಟರ್ ತೆಗೆದುಬಿಡಿ. ಕೊಳೆನೀರಿನ ಟ್ಯಾಂಕ್ ಮರೆಯುವವರೇ ಹೆಚ್ಚು, ಅದನ್ನೂ ತೊಳೆಯಿರಿ. ಹೊರಗಿನ ತೂತುಗಳಿಗೆ ಸಣ್ಣ ಜಾಲರಿ ಕಟ್ಟಿ, ಇಲ್ಲದಿದ್ದರೆ ಕಣಜ ಮಣ್ಣಿನ ಗೂಡು ಕಟ್ಟುತ್ತದೆ.

ಮಳೆ ನಿಂತ ಮೇಲೆ 100 ಲೀಟರ್ ನೀರಿಗೆ ಸುಗಂಧ ಬೆರೆಸದ 5% ಬ್ಲೀಚ್ 100 ಮಿಲಿ ಹಾಕಿ, ಪ್ರತಿ ನಲ್ಲಿಯಲ್ಲೂ ಬರುವಂತೆ ಮಾಡಿ, ನಾಲ್ಕು ಗಂಟೆ ಬಿಟ್ಟು ವಾಸನೆ ಹೋಗುವವರೆಗೆ ತೊಳೆಯಿರಿ.

ಚಳಿಗಾಲದಲ್ಲಿ ಮನಾಲಿಗೆ ಹೋಗಿ ಗಾಡಿ ನಿಲ್ಲಿಸುವುದಾದರೆ ಲೆಕ್ಕವೇ ಬೇರೆ. ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗಿ ಪೈಪ್ ಒಡೆಯುತ್ತದೆ. ಅಲ್ಲಿ ಲೈನಿಗೆ ಪ್ರೊಪಿಲೀನ್ ಗ್ಲೈಕಾಲ್ ಇರುವ, ಕ್ಯಾರವಾನ್‌ಗೆಂದೇ ಬರುವ ಆಂಟಿಫ್ರೀಜ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ತುಂಬಿಸಿ. ಕಾರಿನ ಕೂಲಂಟ್ ಮಾತ್ರ ಹಾಕಬೇಡಿ, ಅದು ವಿಷ.