ನೀರಿನ ಪೈಪಿನಿಂದ ಗ್ಯಾಸ್ ಪೈಪಿಗೆ: ಪ್ಲಂಬರ್‌ಗಳು ಕಲಿಯಬೇಕಾದ್ದು, ಮರೆಯಬೇಕಾದ್ದು

ಕಳೆದ ಮಳೆಗಾಲದಲ್ಲಿ ಕಾರವಾರದ ಕೋಡಿಬಾಗದ ಒಂದು ಮನೆಗೆ ಹೋಗಿದ್ದೆ. ರಾತ್ರಿ ಹೊತ್ತು ಅಡುಗೆಮನೆಯಲ್ಲಿ ವಾಸನೆ ಬರುತ್ತದೆ ಎಂದು ಮನೆಯವರು ಫೋನ್ ಮಾಡಿದ್ದರು. ಸಿಲಿಂಡರ್ ಹಿತ್ತಿಲಲ್ಲಿ, ಒಲೆ ಒಳಗೆ, ನಡುವೆ ಇಪ್ಪತ್ತು ಅಡಿ ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್. ಎಳೆದವರು ಒಳ್ಳೆ ಪ್ಲಂಬರ್. ಪೈಪ್ ನೂಲು ಹಿಡಿದ ಹಾಗೆ ನೇರ, ಕ್ಲಾಂಪ್ ಎಲ್ಲಾ ಗಟ್ಟಿ. ಆದರೆ ಪ್ರತಿ ಜಾಯಿಂಟಿಗೂ ಸಣಬು ಸುತ್ತಿ ಸಫೇದಾ ಬಳಿದಿದ್ದರು. ನೀರಿನ ಲೈನಿನಲ್ಲಿ ಸಣಬು ನೆನೆದು ಉಬ್ಬಿ ಸಂದು ಮುಚ್ಚುತ್ತದೆ. ಗ್ಯಾಸ್ ಒಣ. ಅದರಲ್ಲಿ ಸಣಬು ಒಣಗಿ ಕುಗ್ಗುತ್ತದೆ. ಒಂಬತ್ತು ಜಾಯಿಂಟಿನಲ್ಲಿ ಮೂರು ಸೋರುತ್ತಿದ್ದವು.

ಆ ಪ್ಲಂಬರ್‌ಗೆ ಕೆಲಸ ಬರುವುದಿಲ್ಲ ಎಂದು ನಾನು ಹೇಳುವುದಿಲ್ಲ. ಬರುತ್ತದೆ, ಆದರೆ ನೀರಿನ ಕೆಲಸ. ನಾನೂ ಹನ್ನೆರಡು ವರ್ಷ ನೀರಿನ ಕೆಲಸ ಮಾಡಿಯೇ ಈ ಕಡೆ ಬಂದವನು. ಈಗ ಕುಮಟಾ, ಅಂಕೋಲಾ, ಶಿರಸಿ ಕಡೆಯ ಹುಡುಗರು "ಗ್ಯಾಸ್ ಲೈನ್ ಕಲೀಬೇಕು, ಎಲ್ಲಿಂದ ಶುರು ಮಾಡೋದು?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು: ಯಾವ ಗ್ಯಾಸ್?

ಎರಡು ಬೇರೆ ಬೇರೆ ಕೆಲಸ ಇವೆ. ಒಂದು ಎಲ್‌ಪಿಜಿ, ಅಂದರೆ ಸಿಲಿಂಡರ್ ಗ್ಯಾಸ್. ಇನ್ನೊಂದು ಪಿಎನ್‌ಜಿ, ಅಂದರೆ ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ. ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿಯಲ್ಲಿ ಪೈಪ್ ಗ್ಯಾಸ್ ಮನೆಗಳಿಗೆ ಹೋಗುತ್ತಿದೆ. ಕೊಚ್ಚಿ-ಮಂಗಳೂರು ಕೊಳವೆ ಮಾರ್ಗ 2021ರ ಜನವರಿಯಲ್ಲಿ ಉದ್ಘಾಟನೆ ಆಯಿತು. ನಮ್ಮ ಕರಾವಳಿಯಲ್ಲಿ ನನ್ನ ಕೈಗೆ ಬರುವ ಕೆಲಸ ಜಾಸ್ತಿ ಎಲ್‌ಪಿಜಿಯದೇ. ಗೋಕರ್ಣ, ಮುರುಡೇಶ್ವರದ ಹೋಟೆಲ್, ರೆಸಾರ್ಟ್, ಕಾರವಾರದ ಅಪಾರ್ಟ್‌ಮೆಂಟ್. ಅದನ್ನೇ ಮೊದಲು ಕಲಿಯಿರಿ. ಪಿಎನ್‌ಜಿ ಆಮೇಲೆ.

ಇವೆರಡರ ಗುಣ ಉಲ್ಟಾ ಎಂಬುದು ಮೈಗೆ ಹತ್ತಬೇಕು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲಕ್ಕೆ ಇಳಿಯುತ್ತದೆ, ಬಚ್ಚಲ ಮೋರಿ, ಹೊಂಡ, ಬಾವಿ ಕಡೆ ಹರಿಯುತ್ತದೆ. ಗಾಳಿಯಲ್ಲಿ ಸುಮಾರು ಶೇಕಡಾ 2ರಷ್ಟು ಬೆರೆತರೂ ಹೊತ್ತಿಕೊಳ್ಳುತ್ತದೆ. ನೈಸರ್ಗಿಕ ಅನಿಲ ಹಗುರ, ಮಾಡಿನ ಕಡೆ ಏರುತ್ತದೆ. ಅದು ಹೊತ್ತಿಕೊಳ್ಳಲು ಶೇಕಡಾ 5ರಷ್ಟಾದರೂ ಬೆರೆಯಬೇಕು. ಹಾಗಾಗಿ ಎಲ್‌ಪಿಜಿಗೆ ಗಾಳಿ ಕಿಂಡಿ ಕೆಳಗೆ ಬೇಕು, ಪಿಎನ್‌ಜಿಗೆ ಮೇಲೆ.

ಕಾಗದ ಪತ್ರ

ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೋ, ಮತ್ತು ನೀವು ಕೆಲಸ ಮಾಡಿದ ಕಾಂಟ್ರಾಕ್ಟರ್‌ಗಳಿಂದ ಅನುಭವದ ಪತ್ರ ಜೋಡಿಸಿಕೊಳ್ಳಿ. ಕೇಂದ್ರದ ಕೌಶಲ ವಿಕಾಸ ಯೋಜನೆಯಲ್ಲಿ ಮೊದಲೇ ಕೆಲಸ ಬಲ್ಲವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಇದೆ. ಅದನ್ನು ಆರ್‌ಪಿಎಲ್ ಅನ್ನುತ್ತಾರೆ. ಅದರಲ್ಲಿ ಮೊದಲು ಪ್ಲಂಬಿಂಗ್ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಗ್ಯಾಸಿಗೆ ಹೈಡ್ರೋಕಾರ್ಬನ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನ ಕೋರ್ಸ್‌ಗಳಿವೆ. ನಗರ ಅನಿಲ ವಿತರಣೆಯ ಪೈಪ್ ಫಿಟ್ಟರ್ ಅನ್ನುವುದು ನಿಮಗೆ ಸರಿಹೊಂದುತ್ತದೆ. ಹತ್ತಿರದ ಐಟಿಐಯಲ್ಲಿ ಅಥವಾ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ಮುಂದಿನ ಬ್ಯಾಚ್ ಯಾವಾಗ ಎಂದು ವಿಚಾರಿಸಿ. ಮಳೆಗಾಲದಲ್ಲಿ ಸೇರಿದರೆ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಕಟ್ಟಡದ ಕೆಲಸ ಹೇಗೂ ಕಡಿಮೆ, ದುಡಿಮೆ ಅಷ್ಟಾಗಿ ತಪ್ಪುವುದಿಲ್ಲ.

ವಾಟ್ಸ್ಯಾಪಿನಲ್ಲಿ ಎರಡು ದಿನದ "ಗ್ಯಾಸ್ ಎಂಜಿನಿಯರ್ ಡಿಪ್ಲೊಮಾ" ಜಾಹೀರಾತು ಬರುತ್ತದೆ. ಅದಕ್ಕೆ ಒಂದು ರೂಪಾಯಿಯೂ ಕೊಡಬೇಡಿ. ವಿಸಿಟಿಂಗ್ ಕಾರ್ಡಿನಲ್ಲೂ ಗ್ಯಾಸ್ ಫಿಟ್ಟರ್ ಎಂದೇ ಹಾಕಿ. ಇಂಗ್ಲೆಂಡಿನಲ್ಲಿ ಗ್ಯಾಸ್ ಸೇಫ್ ಎಂಬ ಪಟ್ಟಿಯಲ್ಲಿ ಹೆಸರಿಲ್ಲದವರು ಮನೆಯ ಗ್ಯಾಸ್ ಲೈನ್ ಕೆಲಸ ಮಾಡುವುದೇ ಕಾನೂನಿಗೆ ವಿರುದ್ಧ. ನಮ್ಮಲ್ಲಿ ಅಂಥ ಕಾರ್ಡ್ ಇಲ್ಲದಿದ್ದರೂ ಕಲಿಯದೆ ಕೈ ಹಾಕಬಾರದು ಎಂಬ ಮಾತು ನಮಗೂ ಸೇರಿದ್ದೇ.

ಪ್ರಮಾಣಪತ್ರ ಸಿಕ್ಕ ಮೇಲೆ ಕಡಿಮೆ ಅಂದರೂ ಒಂದು ವರ್ಷ ಗೊತ್ತಿದ್ದವರ ಜತೆ ಹೆಲ್ಪರ್ ಆಗಿ. ಸಂಬಳ ಕಡಿಮೆ ಸಿಗುತ್ತದೆ. ವಾರಕ್ಕೆ ಎರಡು ದಿನ ಟ್ಯಾಂಕ್, ಮೋಟಾರ್ ಕೆಲಸ ಇಟ್ಟುಕೊಂಡರೆ ಮನೆ ನಡೆಯುತ್ತದೆ.

ಸಾಮಾನು

ಪೈಪ್ ರೆಂಚ್, ಡೈ ಸೆಟ್, ವೈಸ್ ನಿಮ್ಮಲ್ಲಿ ಇವೆ. ಹೊಸದಾಗಿ ಬೇಕಾದ್ದು ಯು-ಟ್ಯೂಬ್ ಮಾನೋಮೀಟರ್ (ಸಣ್ಣ ಒತ್ತಡ ಅಳೆಯಲು ನೀರು ತುಂಬಿದ ಯು ಆಕಾರದ ಕೊಳವೆ), ಕೈಪಂಪು, ಒಳ್ಳೆ ಪ್ರೆಶರ್ ಗೇಜ್.

ಪೈಪಿನಲ್ಲಿ ರಾಜಿ ಬೇಡ. ಜಿಐ ಪೈಪಿನ ಮೇಲೆ ಬಣ್ಣದ ಪಟ್ಟಿ ಇರುತ್ತದೆ: ಹಳದಿ ಎ ಕ್ಲಾಸ್, ನೀಲಿ ಬಿ ಕ್ಲಾಸ್, ಕೆಂಪು ಸಿ ಕ್ಲಾಸ್. ನೀರಿಗೆ ಬಿ ಹಾಕಿ ರೂಢಿ. ಗ್ಯಾಸಿಗೆ ಕೆಂಪು ಪಟ್ಟಿಯದೇ ತನ್ನಿ. ಸಮುದ್ರದ ಉಪ್ಪುಗಾಳಿ ತ್ರೆಡ್ ಕತ್ತರಿಸಿದ ಜಾಗವನ್ನು ಮೊದಲು ತಿನ್ನುತ್ತದೆ, ಅಲ್ಲಿ ಪೇಂಟ್ ಹಚ್ಚದೆ ಬಿಡಬೇಡಿ. ಚಿರೆಕಲ್ಲಿನ ಗೋಡೆ ದಾಟುವಲ್ಲಿ ಪೈಪನ್ನು ಸಿಮೆಂಟಿನಲ್ಲಿ ಹೂಳದೆ ಸ್ಲೀವ್ (ಅದಕ್ಕಿಂತ ದೊಡ್ಡ ಹೊರಪೈಪ್) ಒಳಗೆ ಹಾಯಿಸಿ. ಗೋಡೆ ಮಳೆಗೆ ನೆನೆದು ತಿಂಗಳುಗಟ್ಟಲೆ ಒದ್ದೆ ಇರುತ್ತದೆ, ಅಲ್ವಾ? ಒಳಗೆ ತುಕ್ಕು ಹಿಡಿದರೆ ಯಾರಿಗೂ ಕಾಣುವುದಿಲ್ಲ.

ಪಿವಿಸಿ, ಸಿಪಿವಿಸಿ, ತೋಟಕ್ಕೆ ನೀರು ಬಿಡುವ ಹಸಿರು ಪೈಪ್ ಇವನ್ನು ಗ್ಯಾಸಿಗೆ ಹಾಕಿದ್ದನ್ನು ಕಣ್ಣಾರೆ ನೋಡಿದ್ದೇನೆ. ಖಂಡಿತ ಬೇಡ. ಹತ್ತು ರೂಪಾಯಿಯ ತೆಳು ಬಿಳಿ ಟೆಫ್ಲಾನ್ ಟೇಪೂ ಬೇಡ. ಗ್ಯಾಸಿಗೆಂದೇ ಬರುವ ದಪ್ಪ ಟೇಪ್ ಅಥವಾ ತ್ರೆಡ್ ಸೀಲೆಂಟ್ ತನ್ನಿ. ಸಂತೆಯಲ್ಲಿ ಸಿಗುವ ಹೈ ಪ್ರೆಶರ್ ರೆಗ್ಯುಲೇಟರನ್ನು ಮನೆಯ ಒಲೆಗೆ ಹಾಕಲು ಯಾರಾದರೂ ಕೇಳಿದರೆ ಆ ಕೆಲಸವನ್ನೇ ಬಿಟ್ಟು ಬನ್ನಿ. ಒಲೆಯ ಹತ್ತಿರ ಐಎಸ್‌ಐ ಗುರುತಿನ ಸುರಕ್ಷಾ ಹೋಸ್, ಅದೂ ಐದು ವರ್ಷಕ್ಕೊಮ್ಮೆ ಬದಲು.

ಪರೀಕ್ಷೆ: ಹತ್ತರಲ್ಲಿ ಒಂಬತ್ತು ಜನ ತಪ್ಪುವುದು ಇಲ್ಲೇ

ನೀರಿನವರಿಗೆ ಒಂದು ಅಭ್ಯಾಸ ಇರುತ್ತದೆ. ವಾಲ್ವ್ ತೆಗೆಯುವುದು, ಹನಿ ಬಿದ್ದರೆ ಬಿಗಿ ಮಾಡುವುದು. ನೀರಿನಲ್ಲಿ ಕಣ್ಣೇ ಸಾಕ್ಷಿ. ಗ್ಯಾಸಿನಲ್ಲಿ ಕಣ್ಣು ಕೆಲಸಕ್ಕೆ ಬರುವುದಿಲ್ಲ, ಮೂಗನ್ನೂ ಪೂರ್ತಿ ನಂಬುವ ಹಾಗಿಲ್ಲ. ಎಲ್‌ಪಿಜಿಗೆ ತನ್ನದೇ ವಾಸನೆ ಇಲ್ಲ, ಮರ್ಕ್ಯಾಪ್ಟನ್ ಬೆರೆಸಿ ವಾಸನೆ ಬರಿಸುತ್ತಾರೆ. ಅರ್ಧ ಗಂಟೆ ಅಲ್ಲೇ ಇದ್ದರೆ ಮೂಗು ಅದಕ್ಕೂ ಒಗ್ಗಿಬಿಡುತ್ತದೆ.

ಗ್ಯಾಸ್ ಬಿಡುವ ಮೊದಲು ಗಾಳಿ ತುಂಬಿ ಪರೀಕ್ಷಿಸಬೇಕು. ನೀರು ತುಂಬಬೇಡಿ, ಪೈಪಿನೊಳಗೆ ಉಳಿದುಬಿಡುತ್ತದೆ. ವೆಲ್ಡಿಂಗ್‌ನವರ ಹತ್ತಿರ ಆಕ್ಸಿಜನ್ ಸಿಲಿಂಡರ್ ಇದೆ ಎಂದು ಅದನ್ನು ಬಿಡುವುದು ಸ್ಫೋಟಕ್ಕೆ ದಾರಿ. ಮೊದಲು ಗೇಜ್ ಹಾಕಿ ಜಾಸ್ತಿ ಒತ್ತಡದ ಪರೀಕ್ಷೆ. ಎಷ್ಟು ಒತ್ತಡ, ಎಷ್ಟು ಹೊತ್ತು ಎಂಬುದು ಆ ಕೆಲಸದ ಲಿಖಿತ ನಿಯಮದಲ್ಲಿ ಇರುತ್ತದೆ, ಅದರಂತೆಯೇ ಮಾಡಿ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಗೇಜಿನ ಮುಳ್ಳು ಅಲ್ಲಾಡಲಿಲ್ಲ, ಸೋರಿಕೆ ಇಲ್ಲ ಅನ್ನುತ್ತಾರೆ. ಲೆಕ್ಕ ನೋಡಿ. ಸಾಮಾನ್ಯ ಗೇಜಿನ ಒಂದು ಸಣ್ಣ ಗೆರೆ ಅಂದರೆ ಚದರ ಸೆಂ.ಮೀ.ಗೆ 0.1 ಕಿಲೋ. ಅದು 1000 ಮಿ.ಮೀ. ನೀರಿನ ಒತ್ತಡಕ್ಕೆ ಸಮ. ಮನೆಯ ಎಲ್‌ಪಿಜಿ ರೆಗ್ಯುಲೇಟರ್ ಒಲೆಗೆ ಕೊಡುವುದೇ ಸುಮಾರು 300 ಮಿ.ಮೀ. ಅಂದರೆ ಒಲೆಯ ಪೂರ್ತಿ ಒತ್ತಡದಷ್ಟು ಇಳಿದರೂ ಆ ಮುಳ್ಳು ಒಂದು ಗೆರೆ ದಾಟುವುದಿಲ್ಲ. ಅದಕ್ಕೇ ಎರಡನೇ ಪರೀಕ್ಷೆ ಮಾನೋಮೀಟರಿನಲ್ಲಿ ಆಗಲೇಬೇಕು.

ಒಲೆಯ ನಾಬ್ ಬಂದ್ ಇದೆ ಎಂದು ನಂಬಬೇಡಿ, ಒಲೆ ಕಳಚಿ ಪೈಪಿನ ತುದಿಗೆ ಪ್ಲಗ್ ಹಾಕಿ. ರೆಗ್ಯುಲೇಟರ್ ಕಡೆಯ ತುದಿಗೂ ಹಾಗೆಯೇ. ಲೈನಿನಲ್ಲಿ ಟೀ ಫಿಟ್ಟಿಂಗ್ (ಮೂರು ಬಾಯಿಯ ಜೋಡಣೆ) ಇಟ್ಟು ಮಾನೋಮೀಟರ್ ಜೋಡಿಸಿ. ಕೊಳವೆಯ ನೀರಿನಲ್ಲಿ ಗಾಳಿ ಗುಳ್ಳೆ ಇದ್ದರೆ ತಟ್ಟಿ ಬಿಡಿಸಿ. ಎರಡೂ ಕಡೆ ನೀರು ಸೊನ್ನೆಯಲ್ಲಿ ನಿಂತ ಮೇಲೆ ಮೆಲ್ಲಗೆ ಪಂಪು ಒತ್ತಿ. ಒಂದು ಕಡೆ 150 ಮಿ.ಮೀ. ಏರಿ ಇನ್ನೊಂದು ಕಡೆ 150 ಇಳಿದರೆ ಅದು 300. ಒಂದೇ ಕಡೆ ನೋಡಿ 300 ಬರುವ ತನಕ ಪಂಪು ಹೊಡೆಯುವವರು ಇದ್ದಾರೆ. ಅವರು ಹಾಕುವುದು 600. ಎರಡೂ ಕಡೆಯ ಅಂತರ ಓದಬೇಕು.

ಈಗ ಕಾಯಬೇಕು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಂಕೋಲೆಯ ಒಂದು ಮನೆಯಲ್ಲಿ ಪಶ್ಚಿಮದ ಗೋಡೆ ಮೇಲೆ ಲೈನ್ ಎಳೆದಿದ್ದೆ. ಬಿಸಿಲಿನಲ್ಲಿ ಪರೀಕ್ಷೆಗೆ ಕುಳಿತೆ. ಮೋಡ ಬಂತು, ನೀರಿನ ಮಟ್ಟ ಇಳಿಯತೊಡಗಿತು. ಸೋರಿಕೆ ಎಂದು ಎಲ್ಲಾ ಜಾಯಿಂಟ್ ಬಿಚ್ಚಿ ಮತ್ತೆ ಕಟ್ಟಿದೆ. ಮತ್ತೆ ಅದೇ ಕಥೆ. ಜಾಯಿಂಟ್ ಸರಿಯಾಗೇ ಇದ್ದವು. ಮುಚ್ಚಿದ ಪೈಪಿನಲ್ಲಿ ಗಾಳಿಯ ಉಷ್ಣತೆ ಒಂದು ಡಿಗ್ರಿ ಬದಲಾದರೆ ಮಾನೋಮೀಟರಿನಲ್ಲಿ ಸುಮಾರು 35 ಮಿ.ಮೀ. ಬದಲಾಗುತ್ತದೆ. ಇದರ ಉಲ್ಟಾ ಇನ್ನೂ ಕೆಟ್ಟದ್ದು. ಬಿಸಿಲೇರುವ ಹೊತ್ತಿನಲ್ಲಿ ಪರೀಕ್ಷೆ ಮಾಡಿದರೆ ನಿಜವಾದ ಸೋರಿಕೆಯನ್ನು ಬಿಸಿಲು ಮುಚ್ಚಿ ಹಾಕುತ್ತದೆ. ನೀರು ನಿಂತಲ್ಲೇ ನಿಂತಂತೆ ಕಾಣುತ್ತದೆ, ನೀವು ಸಹಿ ಹಾಕಿ ಬರುತ್ತೀರಿ.

ಅದಕ್ಕೇ ಬೆಳಗ್ಗೆ ಬಿಸಿಲು ಬೀಳುವ ಮೊದಲು ಅಥವಾ ಗೋಡೆಗೆ ನೆರಳು ಬಂದು ಪೈಪ್ ತಣ್ಣಗಾದ ಮೇಲೆ ಕುಳಿತುಕೊಳ್ಳಿ. ಪಂಪು ಒತ್ತಿದ ಮೇಲೆ ಹತ್ತು ನಿಮಿಷ ಪೈಪ್ ಮುಟ್ಟಬೇಡಿ, ಕೈಯ ಬಿಸಿಯೂ ಬೇಡ. ಆಮೇಲೆ ಗುರುತು ಹಾಕಿ, ಗಡಿಯಾರ ನೋಡಿ. ಮಟ್ಟ ಇಳಿದರೆ ಸಾಬೂನು ನೀರು ಹಚ್ಚಿ ಹುಡುಕಿ. ಬಟ್ಟೆ ಸೋಪಿನ ಪುಡಿ ಕಲಕಿ ನೊರೆ ಎಬ್ಬಿಸಬೇಡಿ, ನೊರೆಯಲ್ಲಿ ಸಣ್ಣ ಗುಳ್ಳೆ ಕಾಣುವುದಿಲ್ಲ. ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ, ಒಂದು ಲೋಟ ನೀರು, ಒಂದು ಬ್ರಷ್. ಎಲ್‌ಬೋದ ಹಿಂದುಗಡೆಗೂ ಹಚ್ಚಿ, ಸಣ್ಣ ಕನ್ನಡಿ ಹಿಡಿದು ನೋಡಿ. ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಹಿತ್ತಾಳೆಗೆ ಸೋಪು ಒಳ್ಳೆಯದಲ್ಲ. ಬೆಂಕಿಕಡ್ಡಿ ಗೀರಿ ನೋಡುವವರ ಜತೆ ಕೆಲಸ ಮಾಡಬೇಡಿ, ಅವರು ಎಷ್ಟೇ ಹಿರಿಯರಾಗಿರಲಿ.

ಸೋರುವ ಜಾಯಿಂಟನ್ನು ಸುಮ್ನೆ ಬಿಗಿ ಮಾಡುವುದೂ ತಪ್ಪು. ಬಿಚ್ಚಿ, ಒರೆಸಿ, ಹೊಸ ಟೇಪ್ ಸುತ್ತಿ, ಪರೀಕ್ಷೆಯನ್ನು ಮೊದಲಿನಿಂದ ಮಾಡಿ.

ಗ್ಯಾಸ್ ಬಿಡುವುದು, ಒಲೆ, ಗೀಸರ್

ಮೊದಲ ಸಲ ಗ್ಯಾಸ್ ಬಿಡುವಾಗ ಪೈಪಿನಲ್ಲಿರುವ ಗಾಳಿ ಹೊರಗೆ ಬಯಲಿಗೆ ಹೋಗಲಿ. ಆಗ ಯಾವ ಸ್ವಿಚ್ಚೂ ಮುಟ್ಟಬಾರದು. ಉರಿ ನೀಲಿ ಇರಬೇಕು. ಎಲ್‌ಪಿಜಿ ಒಲೆಯನ್ನು ಪಿಎನ್‌ಜಿಗೆ ಬದಲಿಸುವಾಗ ದೊಡ್ಡ ತೂತಿನ ಜೆಟ್ (ಬರ್ನರಿಗೆ ಗ್ಯಾಸ್ ಬಿಡುವ ಮೂತಿ) ಹಾಕಬೇಕು. ಪಿಎನ್‌ಜಿಯಲ್ಲಿ ಒತ್ತಡ 21 ಮಿಲಿಬಾರ್, ಅಂದರೆ ಸುಮಾರು 210 ಮಿ.ಮೀ. ಮಾತ್ರ, ಶಾಖವೂ ಕಡಿಮೆ. ತಪ್ಪು ಜೆಟ್ ಇದ್ದರೆ ಒಲೆ ಸರಿಯಾಗಿ ಉರಿಯುವುದಿಲ್ಲ.

ಪ್ಲಂಬರ್ ಆದ ಕಾರಣ ನಿಮಗೆ ಗ್ಯಾಸ್ ಗೀಸರ್ ಕೆಲಸ ಬಂದೇ ಬರುತ್ತದೆ. ಬಚ್ಚಲುಮನೆಯ ಒಳಗೆ ಹಾಕಬೇಡಿ. ಮುಚ್ಚಿದ ಕೋಣೆಯಲ್ಲಿ ಅದು ಇರುವ ಆಮ್ಲಜನಕ ತಿಂದು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಆ ವಿಷಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಒಳಗೆ ಸ್ನಾನಕ್ಕೆ ಹೋದವರು ತಲೆ ತಿರುಗಿ ಬಿದ್ದರೂ ಹೊರಗಿನವರಿಗೆ ತಿಳಿಯುವುದಿಲ್ಲ. ಹೊರಗೆ ಹಿತ್ತಿಲ ಗೋಡೆಗೆ ಹಾಕಿ ಬಿಸಿನೀರಿನ ಪೈಪ್ ಒಳಗೆ ತನ್ನಿ. ಮನೆಯವರು ಒಪ್ಪದಿದ್ದರೆ ಅವರಿಗೆ ಹಂಡೆಯೇ ಒಳ್ಳೆಯದು.

ಹೋಟೆಲಿನ ಗ್ಯಾಸ್ ಬ್ಯಾಂಕ್‌ನಲ್ಲಿ, ಅಂದರೆ ಸಿಲಿಂಡರ್‌ಗಳನ್ನು ಒಟ್ಟಿಗೆ ಜೋಡಿಸಿಡುವ ಜಾಗದಲ್ಲಿ, ಒಂದು ಲೆಕ್ಕ ನೆನಪಿಡಿ. ಲೈಸೆನ್ಸ್ ಇಲ್ಲದೆ ಒಟ್ಟು 100 ಕಿಲೋ ಎಲ್‌ಪಿಜಿಯಷ್ಟೇ ಇಡಬಹುದು. 19 ಕಿಲೋದ ಸಿಲಿಂಡರ್ ಐದು ಆದರೆ 95. ಆರನೆಯದು ಇಟ್ಟರೆ ಗಡಿ ದಾಟಿತು. "ಇನ್ನೊಂದು ಮೂಲೆಯಲ್ಲಿ ಇರಲಿ ಬಿಡಿ" ಅಂದರೆ ಒಪ್ಪಬೇಡಿ.

ಕೊನೆಗೆ, ಮನೆಯವರಿಗೆ ಕೊಡುವುದು

ಒಂದು ಡೈರಿ ಇಡಿ. ತಾರೀಕು, ಪರೀಕ್ಷೆ ಶುರುವಾದ ಹೊತ್ತು, ಮಾನೋಮೀಟರಿನ ಮೊದಲ ಮತ್ತು ಕೊನೆಯ ಅಂಕಿ, ಬಿಸಿಲೋ ಮೋಡವೋ, ಎಲ್ಲವನ್ನೂ ಬರೆದು ಮನೆಯವರ ಸಹಿ ಹಾಕಿಸಿಕೊಳ್ಳಿ, ಒಂದು ಪ್ರತಿ ಅವರಿಗೂ ಕೊಡಿ. ಮುಖ್ಯ ವಾಲ್ವ್ ಎಲ್ಲಿದೆ ಎಂದು ಮನೆಯ ಹೆಂಗಸರಿಗೆ, ದೊಡ್ಡ ಮಕ್ಕಳಿಗೆ ತೋರಿಸಿ, ಅವರ ಕೈಯಲ್ಲೇ ಒಮ್ಮೆ ಬಂದ್ ಮಾಡಿಸಿ ನೋಡಿ. ಅಡುಗೆಮನೆಯ ಬಾಗಿಲ ಹಿಂದೆ ದೊಡ್ಡದಾಗಿ 1906 ಎಂದು ಬರೆದು ಬನ್ನಿ. ಅದು ಎಲ್‌ಪಿಜಿ ಸೋರಿಕೆಯ ತುರ್ತು ಸಹಾಯವಾಣಿ. ಕೋಡಿಬಾಗದ ಆ ಮನೆಯಲ್ಲೂ ಬರೆದು ಬಂದಿದ್ದೇನೆ.