ಅಮೆರಿಕದ ಸಣ್ಣ ಊರಿನ ಮತಲೆಕ್ಕವನ್ನು ಮಂಡ್ಯದಲ್ಲಿ ಕುಳಿತು ಓದುವ ಬಗೆ

ಅಕ್ಕನ ಮಗ ಕೆಲಸದ ಮೇಲೆ ಅಮೆರಿಕದ ಸಣ್ಣ ಊರೊಂದರಲ್ಲಿ ನೆಲೆಸಿದ ಮೇಲೆ, ಮಂಡ್ಯದ ನಮ್ಮ ಮನೆಯಲ್ಲಿ ಆ ಊರಿನ ರಾಜಕೀಯವೂ ಮಾತಿಗೆ ಬರತೊಡಗಿತು. ‘ಮಾವ, ಇಲ್ಲಿ ಎಲ್ಲರೂ ಒಂದೇ ಪಕ್ಷದವರು, ಆದರೆ ಅರ್ಧ ಜನ ಓಟು ಹಾಕುವುದೇ ಇಲ್ಲ’ ಎಂದು ಅವನು ಫೋನಿನಲ್ಲಿ ಹೇಳಿದಾಗ, ಹಲವು ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿದ್ದ ನನಗೆ ಎರಡು ಮಾತಿನ ಮೇಲೂ ಅನುಮಾನ ಹುಟ್ಟಿತು. ಅಂಥ ಊರಿನ ಒಲವನ್ನೂ ಮತದಾನದ ಪ್ರಮಾಣವನ್ನೂ ತಿಳಿಯಬಯಸುವವರಿಗೆ, ನಾವಿಬ್ಬರೂ ಅನುಸರಿಸಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಅಂಕಿಗಳನ್ನು ತರಿಸಿಕೊಳ್ಳಬೇಕು. ನಮ್ಮಲ್ಲಿ ಮತಗಟ್ಟೆವಾರು ಫಲಿತಾಂಶ ನಮೂನೆ 20ರಲ್ಲಿ ಸಿಗುವಂತೆ, ಅಲ್ಲಿ ‘ಪ್ರಿಸಿಂಕ್ಟ್’ ಎಂಬ ಮತದಾನ ಘಟಕದ ಲೆಕ್ಕವನ್ನು ಸಾಮಾನ್ಯವಾಗಿ ಕೌಂಟಿ (ನಮ್ಮ ಜಿಲ್ಲೆಯಂಥ ವಿಭಾಗ) ಕಚೇರಿಯೂ, ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಭಾಗದ ರಾಜ್ಯಗಳಲ್ಲಿ ಊರಿನ ಕ್ಲರ್ಕ್ ಕಚೇರಿಯೂ ಇಟ್ಟಿರುತ್ತವೆ. ಪ್ರಿಸಿಂಕ್ಟಿನ ಗಡಿ ಎಲ್ಲ ಕಡೆಯೂ ಊರಿನ ಗಡಿಯೇ ಆಗಿರುವುದಿಲ್ಲ. ಕೆಲವೆಡೆ ಅಂಚೆ ಮತಗಳನ್ನು ಬೇರೆ ಸಾಲಿನಲ್ಲಿ ತೋರಿಸಿರುತ್ತಾರೆ. ಅದನ್ನು ಬಿಟ್ಟು ಕೂಡಿದರೆ ಲೆಕ್ಕವೇ ಕೆಡುತ್ತದೆ.

ಮುಂದಿನ ಹೆಜ್ಜೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಮಂಡ್ಯ ಲೋಕಸಭಾ ಕ್ಷೇತ್ರದಲ್ಲಿ 2019ರಲ್ಲೂ 2024ರಲ್ಲೂ ಶೇ. 80 ದಾಟಿ ಮತದಾನವಾಯಿತು ಎಂದಾಗ, ಭಾಗಿಸಿದ್ದು ಮತದಾರರ ಪಟ್ಟಿಯಲ್ಲಿರುವ ಒಟ್ಟು ಹೆಸರುಗಳಿಂದ. ಇಲ್ಲಿ ಮತಗಟ್ಟೆ ಮಟ್ಟದ ಅಧಿಕಾರಿ ಮನೆಮನೆಗೆ ಬಂದು ಹೆಸರು ಬರೆದುಕೊಳ್ಳುತ್ತಾರೆ. ಅಲ್ಲಿ ಸಾಮಾನ್ಯವಾಗಿ ಮತದಾರನೇ ಮುಂದಾಗಿ ನೋಂದಾಯಿಸಿಕೊಳ್ಳಬೇಕು. ನಾರ್ತ್ ಡಕೋಟ ರಾಜ್ಯದಲ್ಲಂತೂ ನೋಂದಣಿಯೆಂಬುದೇ ಇಲ್ಲ. ಆದ್ದರಿಂದ ಅಲ್ಲಿನ ಸಂಶೋಧಕರು ನೋಂದಾಯಿತರನ್ನು ಬಿಟ್ಟು, ಮತ ಹಾಕಲು ಅರ್ಹರಾದ ಎಲ್ಲರನ್ನೂ ಲೆಕ್ಕಕ್ಕೆ ಹಿಡಿಯುವುದು ಹೆಚ್ಚು. ಉದಾಹರಣೆಗೆ, ಊರಿನಲ್ಲಿ ಅರ್ಹರು 2,000, ನೋಂದಾಯಿತರು 1,500, ಬಿದ್ದ ಮತ 1,050 ಎಂದುಕೊಳ್ಳಿ. ಒಂದು ಲೆಕ್ಕಕ್ಕೆ ಶೇ. 70, ಇನ್ನೊಂದಕ್ಕೆ ಶೇ. 52.5. ನಮ್ಮ ಹುಡುಗ ಹೇಳಿದ ‘ಅರ್ಧ’ ಈ ಎರಡನೆಯ ಲೆಕ್ಕದ್ದೆಂದು ಆಮೇಲೆ ತಿಳಿಯಿತು.

ಅಲ್ಲಿನ ನೋಂದಣಿ ಪಟ್ಟಿಯೂ ಸ್ವಲ್ಪ ಉಬ್ಬಿರುತ್ತದೆ. ಊರು ಬಿಟ್ಟಂತೆ ಕಾಣುವವರು ಚುನಾವಣಾ ಕಚೇರಿಯ ಪತ್ರಕ್ಕೆ ಉತ್ತರಿಸದಿದ್ದರೂ, ಎರಡು ಸಾರ್ವತ್ರಿಕ ಚುನಾವಣೆಗಳು ಕಳೆಯುವವರೆಗೆ ಅವರ ಹೆಸರನ್ನು ತೆಗೆಯಬಾರದೆಂದು ಅಮೆರಿಕದ 1993ರ ಕೇಂದ್ರ ಕಾಯ್ದೆ ಹೇಳುತ್ತದೆ. ಬೆಂಗಳೂರಿನಲ್ಲಿ ಬದುಕುತ್ತಾ ಹೆಸರನ್ನು ಊರಿನ ಪಟ್ಟಿಯಲ್ಲೇ ಉಳಿಸಿಕೊಂಡವರು ನಮ್ಮಲ್ಲೂ ಇದ್ದಾರಾದರೂ, ಅವರಲ್ಲಿ ಅನೇಕರು ಮತದಾನದ ದಿನ ಮಾರಿಹಬ್ಬಕ್ಕೆ ಬಂದಂತೆ ಬಸ್ಸು ಹತ್ತಿ ಬಂದೇ ಬರುತ್ತಾರೆ!

ಚುನಾವಣೆ ಯಾವುದೆಂಬುದನ್ನೂ ಗುರುತು ಹಾಕಿಕೊಳ್ಳಿ. ಇಡೀ ಅಮೆರಿಕದಲ್ಲಿ ಅರ್ಹರ ಪೈಕಿ 2020ರ ಅಧ್ಯಕ್ಷೀಯ ಚುನಾವಣೆಗೆ ಸುಮಾರು ಶೇ. 66ರಷ್ಟು ಮಂದಿ ಮತ ಹಾಕಿದರೆ, 2022ರ ಮಧ್ಯಾವಧಿ ಚುನಾವಣೆಗೆ (ಅಧ್ಯಕ್ಷರ ಅವಧಿಯ ನಡುವೆ ಅಲ್ಲಿನ ಸಂಸತ್ತಿಗೆ ನಡೆಯುವುದು) ಹಾಕಿದವರು ಸುಮಾರು ಶೇ. 46. ಊರಿನ ಕೌನ್ಸಿಲ್ ಚುನಾವಣೆ ಬೇರೆ ತಿಂಗಳಲ್ಲಿ ನಡೆದರೆ ಪ್ರಮಾಣ ಇನ್ನೂ ಇಳಿಯುತ್ತದೆ. ನಮ್ಮಲ್ಲಿ ಇದು ತಿರುಗುಮುರುಗು: ಪಂಚಾಯಿತಿ ಚುನಾವಣೆ ಬಂದರೆ ಹಟ್ಟಿಯಲ್ಲಿ ಯಾರೂ ಮನೆಯೊಳಗೆ ಕೂರುವುದಿಲ್ಲ.

ಇನ್ನು ಒಲವಿನ ಪ್ರಶ್ನೆ. ಅಮೆರಿಕದ ಸುಮಾರು 30 ರಾಜ್ಯಗಳಲ್ಲಿ ನೋಂದಣಿಯ ಹೊತ್ತಿಗೇ ಪಕ್ಷವನ್ನೂ ಬರೆಸಬಹುದು. ಅದನ್ನು ನೋಡಿದ ಕೂಡಲೇ ಊರಿನ ಜಾತಕ ಕೈಗೆ ಸಿಕ್ಕಿತೆಂದು ಭಾವಿಸಬೇಡಿ. ಕೆಂಟಕಿ ರಾಜ್ಯವು 2000ದಿಂದ ಪ್ರತಿ ಅಧ್ಯಕ್ಷೀಯ ಚುನಾವಣೆಯಲ್ಲೂ ರಿಪಬ್ಲಿಕನ್ನರನ್ನೇ ಗೆಲ್ಲಿಸಿದ್ದರೂ, ಅಲ್ಲಿ ನೋಂದಾಯಿತ ರಿಪಬ್ಲಿಕನ್ನರ ಸಂಖ್ಯೆ ಡೆಮಾಕ್ರಟರನ್ನು ಹಿಂದಿಕ್ಕಿದ್ದು 2022ರಲ್ಲಿ. ತಂದೆಯ ಕಾಲದ ಪಕ್ಷವನ್ನು ಕಾಗದದಲ್ಲಿ ಹಾಗೆಯೇ ಬಿಟ್ಟು, ಮತವನ್ನು ಮಾತ್ರ ಬೇರೆಡೆ ಹಾಕುತ್ತಾ ಬಂದವರು ಬಹಳ.

ವ್ಯಕ್ತಿಗೆ ಬಿದ್ದ ಮತವನ್ನೂ ಪಕ್ಷಕ್ಕೆ ಬಿದ್ದ ಮತವನ್ನೂ ಬೇರ್ಪಡಿಸುವುದು ಮಂಡ್ಯದವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. 2018ರಲ್ಲಿ ಜಿಲ್ಲೆಯ ಏಳೂ ವಿಧಾನಸಭಾ ಸ್ಥಾನಗಳನ್ನು ಜೆಡಿಎಸ್‌ಗೆ ಕೊಟ್ಟ ಜನ, ಮರುವರ್ಷ ಪಕ್ಷೇತರರಾಗಿ ನಿಂತ ಸುಮಲತಾ ಅಂಬರೀಶ್ ಅವರನ್ನು ಅದೇ ಪಕ್ಷದ ಎದುರು ಒಂದೂಕಾಲು ಲಕ್ಷ ಮತಗಳ ಅಂತರದಲ್ಲಿ ಗೆಲ್ಲಿಸಿದರು. ಅಮೆರಿಕದ ವರ್ಮಾಂಟ್ ರಾಜ್ಯದಲ್ಲೂ 2024ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಡೆಮಾಕ್ರಟ್ ಕಮಲಾ ಹ್ಯಾರಿಸ್ ಮುಂದಿದ್ದರೆ, ಅದೇ ದಿನ ಗವರ್ನರ್ (ಅಲ್ಲಿ ಜನರೇ ಆರಿಸುವ ರಾಜ್ಯದ ಆಡಳಿತ ಮುಖ್ಯಸ್ಥ) ಸ್ಥಾನಕ್ಕೆ ರಿಪಬ್ಲಿಕನ್ ಫಿಲ್ ಸ್ಕಾಟ್ ಶೇ. 70ಕ್ಕೂ ಹೆಚ್ಚು ಮತ ಪಡೆದರು. ಹೀಗಾಗಿ ಕನಿಷ್ಠ ಮೂರು ಅಧ್ಯಕ್ಷೀಯ ಚುನಾವಣೆಗಳನ್ನು ಒಂದು ಹಾಳೆಯಲ್ಲಿ ಪಕ್ಕಪಕ್ಕಕ್ಕೆ ಬರೆದು, ಜನಕ್ಕೆ ಮುಖಪರಿಚಯವಿಲ್ಲದ ಅಭ್ಯರ್ಥಿಗಳು ನಿಂತ ಸಣ್ಣ ಹುದ್ದೆಗಳ ಫಲಿತಾಂಶವನ್ನು ಕೆಳಗೆ ಸೇರಿಸಿ. ಪಕ್ಷದ ನಿಜವಾದ ಬಲ ಆ ಕೆಳಗಿನ ಸಾಲಿನಲ್ಲೇ ಕಾಣುತ್ತದೆಂದು ನನ್ನ ಅನುಭವ.

ತೀರಾ ಪುಟ್ಟ ಊರಾದರೆ ಶೇಕಡಾವಾರು ಬರೆಯದೆ ತಲೆಯನ್ನೇ ಎಣಿಸಿ. ನಡುರಾತ್ರಿಯೇ ಮತ ಹಾಕುವುದಕ್ಕೆ ಹೆಸರಾದ, ನ್ಯೂ ಹ್ಯಾಂಪ್‌ಶೈರಿನ ಡಿಕ್ಸ್‌ವಿಲ್ ನಾಚ್‌ನಲ್ಲಿ 2020ರಲ್ಲಿ ಐದೂ ಮತ ಬೈಡನ್‌ಗೆ ಬಿದ್ದಿದ್ದವು. 2024ರಲ್ಲಿ ಹ್ಯಾರಿಸ್‌ಗೆ ಮೂರು, ಟ್ರಂಪ್‌ಗೆ ಮೂರು. ಶೇ. 100 ಇದ್ದದ್ದು 50ಕ್ಕೆ ಇಳಿಯಿತೆಂದು ಬರೆದರೆ ಊರಿಗೇ ಏನೋ ಆಯಿತೆನಿಸುತ್ತದೆ, ಆದರೆ ಅಲ್ಲಿದ್ದವರು ಒಂದು ಆಟೋ ತುಂಬುವಷ್ಟು ಜನ.