ಡೊನಾಲ್ಡ್ ಜೊತೆ ಊಟ, ಆಮೇಲೆ ಆಟ

ಮಗಳಿಗೆ ಮೂರು ವರ್ಷ ಇದ್ದಾಗ ಒಂದು ಪಾರ್ಕಿನಲ್ಲಿ ಐವತ್ತು ನಿಮಿಷ ಬಿಸಿಲಲ್ಲಿ ಸಾಲು ನಿಂತಿದ್ದೆವು. ಟಿವಿಯಲ್ಲಿ ಅವಳು ದಿನಾ ನೋಡುವ ಒಂದು ಕಾರ್ಟೂನ್ ಪಾತ್ರದ ವೇಷ ತೊಟ್ಟವರ ಜೊತೆ ಫೋಟೊ ತೆಗೆಸಬೇಕಿತ್ತು. ನಮ್ಮ ಸರದಿ ಬಂತು. ಆ ವೇಷದ ತಲೆಯೇ ನಮ್ಮ ಪುಟ್ಟಿಯ ಅರ್ಧದಷ್ಟಿತ್ತು. ಅದು ಕೈ ಚಾಚಿತು, ಇವಳು ಚೀರಿದಳು. ಹಿಂದೆ ನೂರು ಜನ ಕಾಯುತ್ತಿದ್ದರು. ಸಮಾಧಾನ ಮಾಡಲು ಹೊತ್ತೇ ಸಿಗಲಿಲ್ಲ, ಎತ್ತಿಕೊಂಡು ಹೊರಗೆ ಬಂದೆ. ಆ ರಾತ್ರಿ ನಿದ್ದೆಯಲ್ಲೂ ಎರಡು ಸಲ ಬೆಚ್ಚಿದಳು.

ಅವಳಿಗೆ ಐದು ತುಂಬಿದ ವರ್ಷ ಉಡುಪಿಯಿಂದ ಅತ್ತೆ ಮಾವ ಬಂದರು. ನಾವಿರುವುದು ಅಟ್ಲಾಂಟಾದಲ್ಲಿ. ಕಾರಿನಲ್ಲಿ ಹೊರಟರೆ ಆರೇಳು ಗಂಟೆಯಲ್ಲಿ ಫ್ಲಾರಿಡಾದ ಒರ್ಲ್ಯಾಂಡೊ ಸಿಗುತ್ತದೆ. ಅಲ್ಲಿ ಹಲವು ಪಾರ್ಕುಗಳು ಸೇರಿರುವ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೋಗೋಣ ಅಂತ ಆಯಿತು. ಮಗಳಿಗೆ ಡಿಸ್ನಿ ಕಾರ್ಟೂನಿನ ಬಾತುಕೋಳಿ ಡೊನಾಲ್ಡ್ ಅಂದರೆ ಇಷ್ಟ. ಅವಳದ್ದು ಒಂದೇ ಪಟ್ಟು: "ಡೊನಾಲ್ಡ್ ನೋಡ್ಬೇಕು, ಆದ್ರೆ ಹತ್ರ ಬರಬಾರ್ದು."

ಮಾವ ಅದನ್ನು ಕೇಳಿ ನಗಲಿಲ್ಲ. ಅವರು ಚಿಕ್ಕವರಿದ್ದಾಗ ಯಕ್ಷಗಾನದ ಬಣ್ಣದ ವೇಷಕ್ಕೆ ಹೀಗೇ ಹೆದರುತ್ತಿದ್ದರಂತೆ. ರಾಕ್ಷಸ ವೇಷ ಜನರ ಹಿಂದಿನಿಂದ ದೊಂದಿ ಬೆಳಕಲ್ಲಿ ಆರ್ಭಟಿಸುತ್ತಾ ಬರುವಾಗ ಕಂಬಳಿಯೊಳಗೆ ಮುಖ ಮುಚ್ಚಿಕೊಳ್ಳುತ್ತಿದ್ದರಂತೆ. ಅವರ ಅಪ್ಪ ಮಾಡಿದ್ದು ಒಂದೇ ಕೆಲಸ. ಮುಂದಿನ ಸಾಲು ಬಿಟ್ಟು ದೂರದಲ್ಲಿ ತೊಡೆ ಮೇಲೆ ಕೂರಿಸಿಕೊಂಡು, ವೇಷ ಬರುವುದನ್ನು ಮೊದಲಿಂದ ಕೊನೆಯವರೆಗೆ ನೋಡಲು ಬಿಟ್ಟರು. "ದೂರದಿಂದ ನೋಡಿದ್ದು ಹತ್ರ ಬಂದ್ರೆ ಹೆದರಿಕೆ ಆಗಲ್ಲ. ಒಮ್ಮೆಲೇ ಎದುರು ನಿಂತ್ರೇ ಹೆದರಿಕೆ" ಅಂದರು. ನನ್ನ ಇಡೀ ಯೋಜನೆಗೆ ಆ ಮಾತೇ ಬುಡ.

ಡಿಸ್ನಿಯಲ್ಲಿ ವೇಷಗಳ ಜೊತೆ ಊಟ ಅಂದರೆ ಏನು ಅಂತ ಮೊದಲು ಹೇಳುತ್ತೇನೆ. ನೀವು ಟೇಬಲ್ಲಿನಲ್ಲಿ ಕೂತು ಊಟ ಮಾಡುತ್ತಿರುತ್ತೀರಿ. ಮೂರೋ ನಾಲ್ಕೋ ವೇಷಗಳು ಒಂದೊಂದಾಗಿ ಹಾಲ್ ಸುತ್ತುತ್ತಾ ಎಲ್ಲ ಟೇಬಲ್ಲಿಗೂ ಬರುತ್ತವೆ. ನಮಸ್ಕಾರ, ಅಪ್ಪುಗೆ, ಸಹಿ, ಫೋಟೊ. ಸಾಲು ನಿಲ್ಲುವ ಕೆಲಸ ಇಲ್ಲ. ನಮಗೆ ಮುಖ್ಯವಾಗಿದ್ದು ಇನ್ನೊಂದು: ವೇಷ ನಿಮ್ಮ ಹತ್ತಿರ ಬರುವ ಹೊತ್ತಿಗೆ ಮಗು ಅದನ್ನು ಹತ್ತು ಟೇಬಲ್ ಆಚೆಯಿಂದ ಕಾಲು ಗಂಟೆ ನೋಡಿರುತ್ತದೆ. ಮಾವನ ಅಪ್ಪ ಮಾಡಿದ್ದೂ ಅದನ್ನೇ ಅಲ್ವಾ?

ಇಂಥ ಹೋಟೆಲುಗಳು ಅಲ್ಲಿ ಹಲವು ಇವೆ. ಕಂಟೆಂಪರರಿ ರೆಸಾರ್ಟಿನ ಶೆಫ್ ಮಿಕ್ಕೀಸ್‌ನಲ್ಲಿ ಮಿಕ್ಕಿ ಮೌಸ್ ಮತ್ತು ಅವನ ಗೆಳೆಯರು. ಆ ಕಟ್ಟಡದ ಹೊಟ್ಟೆಯೊಳಗೇ ಮಾನೊರೈಲು ಹಾದು ಹೋಗುತ್ತದೆ. ಅದು ಪಾರ್ಕಿನ ಹೊರಗಿರುವುದರಿಂದ ಪಾರ್ಕಿನ ಟಿಕೆಟ್ ಇಲ್ಲದೆಯೂ ಊಟ ಮಾಡಬಹುದು. ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ವಿನ್ನಿ ದ ಪೂ ಕರಡಿ. ಎಪ್ಕಾಟ್ ಪಾರ್ಕಿನ ಗಾರ್ಡನ್ ಗ್ರಿಲ್ ಹೋಟೆಲೇ ನಿಧಾನವಾಗಿ ತಿರುಗುತ್ತದೆ, ಊಟ ಟೇಬಲ್ಲಿಗೇ ಬರುತ್ತದೆ. ಇನ್ನೊಂದು ತಿಳಿದಿರಲಿ. ಮಿಕ್ಕಿ, ಡೊನಾಲ್ಡ್‌ನಂಥ ತಲೆ ಮುಚ್ಚಿದ ವೇಷಗಳು ಮಾತಾಡುವುದಿಲ್ಲ, ಎಲ್ಲ ಕೈಸನ್ನೆ. ರಾಜಕುಮಾರಿಯರಿಗೆ ಮುಖವಾಡ ಇರುವುದಿಲ್ಲ, ಅವರು ಚೆನ್ನಾಗಿ ಮಾತಾಡುತ್ತಾರೆ. ದೊಡ್ಡ ತಲೆ ಕಂಡರೆ ಆಗದ ಮಗುವಿಗೆ ರಾಜಕುಮಾರಿಯರ ಊಟ ಸುಲಭ.

ನಮ್ಮವಳಿಗೆ ಡೊನಾಲ್ಡೇ ಬೇಕಿತ್ತು. ಹಾಗಾಗಿ ಆನಿಮಲ್ ಕಿಂಗ್‌ಡಮ್ ಪಾರ್ಕಿನ ಟಸ್ಕರ್ ಹೌಸ್ ಆರಿಸಿದೆ. ಅಲ್ಲಿ ಡೊನಾಲ್ಡ್ ಸಫಾರಿ ಬಟ್ಟೆಯಲ್ಲಿ ಬರುತ್ತಾನೆ. ಪಾರ್ಕಿನ ಆಫ್ರಿಕಾ ಭಾಗದಲ್ಲಿ ಹರಾಂಬೆ ಅಂತ ಒಂದು ಊರಿನ ಹಾಗೆ ಕಟ್ಟಿದ್ದಾರೆ, ಹೋಟೆಲ್ ಇರುವುದು ಅಲ್ಲೇ. ಪ್ರಾಣಿ ನೋಡುವ ಸಫಾರಿಯೂ ಪಕ್ಕ, ಲಯನ್ ಕಿಂಗ್ ಅನ್ನುವ ಹಾಡು ಕುಣಿತದ ಆಟದ (ರಂಗ ಪ್ರದರ್ಶನದ) ಥಿಯೇಟರೂ ಪಕ್ಕ. ಅತ್ತೆಗೆ ಮಂಡಿ ನೋವು. ಇಡೀ ಪಾರ್ಕು ಸುತ್ತದೆ ಒಂದೇ ಮೂಲೆಯಲ್ಲಿ ದಿನ ಕಳೆಯಬಹುದು ಅನ್ನುವುದೇ ನನಗೆ ದೊಡ್ಡ ಕಾರಣ.

ಈ ಊಟಗಳ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ನಾನು ಬೆಳಿಗ್ಗೆ 6ಕ್ಕೇ ಎದ್ದು ಫೋನ್ ಹಿಡಿದು ಕೂತಿದ್ದೆ. ಕ್ರೆಡಿಟ್ ಕಾರ್ಡ್ ಕೊಡಬೇಕು. ಹೇಳದೆ ಕೇಳದೆ ಹೋಗದಿದ್ದರೆ ತಲೆಗೆ 10 ಡಾಲರ್ ಹಿಡಿಯುತ್ತಾರೆ. ಮೂರು ವರ್ಷದೊಳಗಿನ ಮಕ್ಕಳಿಗೆ ಪಾರ್ಕಿನ ಟಿಕೆಟ್ ಬೇಡ, ಬಫೆಗೂ ದುಡ್ಡಿಲ್ಲ. 3ರಿಂದ 9 ವರ್ಷದವರಿಗೆ ಮಕ್ಕಳ ದರ. ದೊಡ್ಡವರ ಒಂದು ಊಟಕ್ಕೆ 50 ಡಾಲರಿಗಿಂತ ಜಾಸ್ತಿಯೇ ಆಗುತ್ತದೆ, ಮೇಲೆ ತೆರಿಗೆ, ಟಿಪ್ಸ್. ಐದು ಜನಕ್ಕೆ ಲೆಕ್ಕ ಹಾಕಿದರೆ ಕೈ ನಡುಗುತ್ತದೆ, ಸುಳ್ಳು ಹೇಳುವುದಿಲ್ಲ. ಅದಕ್ಕೇ ಇಡೀ ಪ್ರವಾಸಕ್ಕೆ ಇಂಥ ಊಟ ಎರಡೇ ಸಾಕು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಉಳಿದ ಹೊತ್ತಿಗೆ ಚಪಾತಿ, ಚಟ್ನಿಪುಡಿ, ಮೊಸರನ್ನ ಕಟ್ಟಿಕೊಂಡು ಹೋದೆವು. ಹೊರಗಿನ ತಿಂಡಿ ಒಳಗೆ ಬಿಡುತ್ತಾರೆ, ಗಾಜಿನ ಡಬ್ಬಿ ಮಾತ್ರ ಬೇಡ.

ಬೆಳಗಿನ ತಿಂಡಿಯೋ ಮಧ್ಯಾಹ್ನದ ಊಟವೋ ಅನ್ನುವ ಪ್ರಶ್ನೆ ನಮ್ಮಂಥ ಮನೆಗಳಿಗೆ ತುಂಬ ಮುಖ್ಯ. ಅತ್ತೆ ಮೊಟ್ಟೆ ಮುಟ್ಟುವುದಿಲ್ಲ. ಅಮೆರಿಕದ ಬೆಳಗಿನ ಬಫೆಯಲ್ಲಿ ಮಾಂಸ ಬಿಟ್ಟರೆ ಉಳಿದದ್ದರಲ್ಲಿ ಬಹುಪಾಲು ಮೊಟ್ಟೆಯೇ. ಮಿಕ್ಕಿ ಮುಖದ ವಾಫಲ್ ಚೆಂದ ಕಾಣುತ್ತದೆ, ಆದರೆ ಹಿಟ್ಟಿಗೆ ಮೊಟ್ಟೆ ಬಿದ್ದಿರುತ್ತದೆ. ಆದ್ದರಿಂದ ಮಧ್ಯಾಹ್ನದ ಊಟವನ್ನೇ ಹಿಡಿದೆ. ಇನ್ನು ಇಲ್ಲಿಯವರಿಗೆ "ವೆಜಿಟೇರಿಯನ್" ಅಂದರೆ ಮೊಟ್ಟೆ ನಡೆಯುತ್ತೆ ಅಂತಲೇ ಅರ್ಥ. ನಾನು ಬುಕ್ ಮಾಡುವಾಗಲೇ ಬರೆದಿದ್ದೆ, ಬಾಗಿಲಲ್ಲಿ ಇನ್ನೊಮ್ಮೆ ಹೇಳಿದೆ: ಮೊಟ್ಟೆ ಬೇಡ, ಮೀನು ಬೇಡ, ಕೋಳಿ ಬೇಯಿಸಿದ ನೀರೂ ಬೇಡ. ಈ ಕೊನೆಯದನ್ನು ಬಿಡಿಸಿ ಹೇಳದಿದ್ದರೆ ಯಾರಿಗೂ ಹೊಳೆಯುವುದಿಲ್ಲ. ಡಿಸ್ನಿಯ ಮೆನುಗಳಲ್ಲಿ ಸಣ್ಣ ಹಸಿರು ಎಲೆಯ ಗುರುತು ಇದ್ದರೆ ಅದರಲ್ಲಿ ಮಾಂಸ, ಮೊಟ್ಟೆ, ಹಾಲು, ಜೇನು ಯಾವುದೂ ಇಲ್ಲ ಅಂತ.

ಅಡುಗೆಯವರೊಬ್ಬರು ಹೊರಗೆ ಬಂದು ಅತ್ತೆಯ ಜೊತೆ ಬಫೆಯ ಉದ್ದಕ್ಕೂ ನಡೆದರು. ಪ್ರತಿ ಪಾತ್ರೆಯ ಮುಂದೆ ನಿಂತು "ಇದು ಆಗುತ್ತೆ, ಇದು ಬೇಡ" ಅಂತ ತೋರಿಸಿದರು. ಸೌಟುಗಳು ಅದಲುಬದಲು ಆಗಿರುತ್ತವೆ ಅನ್ನುವ ಅನುಮಾನ ಅತ್ತೆಗೆ. ಹೇಳಿದ ಕೂಡಲೇ ಒಳಗಿಂದ ಬೇರೆ ತಟ್ಟೆಯಲ್ಲಿ ಅನ್ನ, ತರಕಾರಿ ಗೊಜ್ಜಿನಂಥದ್ದು ತಂದುಕೊಟ್ಟರು. ಅತ್ತೆ ಒಂದು ತುತ್ತು ಬಾಯಿಗಿಟ್ಟು, "ಉಪ್ಪು ಹುಳಿ ಕಡಿಮೆ, ಆದ್ರೆ ಅನ್ನ ಬಿಸಿ ಇದೆ. ನಂಬಿ ತಿನ್ಬಹುದು" ಅಂದರು. ಆ "ನಂಬಿ ತಿನ್ಬಹುದು" ಕೇಳಿ ನನ್ನ ಎದೆ ಮೇಲಿನ ಕಲ್ಲು ಇಳಿಯಿತು.

ಮಗಳನ್ನು ಗೋಡೆ ಕಡೆ, ಮಾವನ ಪಕ್ಕ ಕೂರಿಸಿದ್ದೆ. ಹಿಂದಿನಿಂದ ಯಾರೂ ಬರುವ ಹಾಗಿಲ್ಲ, ಎದುರಿಗೆ ಇಡೀ ಹಾಲ್ ಕಾಣುತ್ತದೆ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಹೆದರುವ ಮಗುವಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಮೊದಲು ಡೊನಾಲ್ಡನ ಗೆಳತಿ ಡೇಸಿ ಕಂಡಳು, ದೂರದಲ್ಲಿ. ಮಗಳು ಮಾವನ ತೋಳು ಹಿಡಿದುಕೊಂಡಳು. ಆಮೇಲೆ ಡೊನಾಲ್ಡ್. ಅವನು ಒಂದು ಟೇಬಲ್ಲಿನಲ್ಲಿ ಯಾರದೋ ಟೋಪಿ ಕಿತ್ತು ತಾನು ಹಾಕಿಕೊಂಡ. ಇನ್ನೊಂದು ಟೇಬಲ್ಲಿನಲ್ಲಿ ಒಬ್ಬ ಹುಡುಗನ ಮೇಲೆ ಸಿಟ್ಟು ಬಂದ ಹಾಗೆ ಕಾಲು ಕುಟ್ಟಿದ. ಮಗಳು ಊಟ ಬಿಟ್ಟು ನೋಡುತ್ತಿದ್ದಳು. ತೋಳಿನ ಮೇಲಿನ ಹಿಡಿತ ಸಡಿಲವಾಯಿತು ಅಂತ ಮಾವ ಕಣ್ಣಲ್ಲೇ ಹೇಳಿದರು.

ವೇಷದ ಜೊತೆ ಯಾವಾಗಲೂ ಒಬ್ಬರು ನೋಡಿಕೊಳ್ಳುವವರು ಇರುತ್ತಾರೆ. ಡೊನಾಲ್ಡ್ ಎರಡು ಟೇಬಲ್ ಆಚೆ ಇರುವಾಗಲೇ ನಾನು ಎದ್ದು ಹೋಗಿ ಅವರಿಗೆ ಹೇಳಿದೆ, ಮಗು ಹೆದರುತ್ತಾಳೆ ಅಂತ. ಇದನ್ನು ತಪ್ಪದೆ ಮಾಡಿ. ಡೊನಾಲ್ಡ್ ಬಂದ, ಆದರೆ ಟೇಬಲ್ಲಿನಿಂದ ನಾಲ್ಕು ಹೆಜ್ಜೆ ಹಿಂದೆಯೇ ನಿಂತ. ಎರಡೂ ಕೈಯಿಂದ ತನ್ನ ಕಣ್ಣು ಮುಚ್ಚಿಕೊಂಡ. ಇವಳಿಗಿಂತ ತನಗೇ ಹೆದರಿಕೆ ಅನ್ನುವ ಹಾಗೆ. ಮಾವ ಎದ್ದು ನಿಂತು ಕೈ ಮುಗಿದರು, "ನಮಸ್ಕಾರ ಮಾರಾಯ್ರೇ" ಅಂದರು. ಅವನೂ ಕೈ ಮುಗಿದ. ಆ ದೊಡ್ಡ ಬಿಳಿ ಗ್ಲೌಸುಗಳು ಒಂದಕ್ಕೊಂದು ಕೂಡಿದಾಗ ಮಗಳು ಮುಂದಕ್ಕೆ ಬಾಗಿ ಎಣಿಸಿದಳು.

"ಅಜ್ಜ, ನಾಲ್ಕೇ ಬೆರಳು!"

ಹೆದರಿಕೆ ಹೋಗಿದ್ದು ಆ ಕ್ಷಣದಲ್ಲೇ. ಎಣಿಸಲು ಶುರುಮಾಡಿದ ಮಗು ಹೆದರುವುದಿಲ್ಲ. ಅವಳೇ ಕುರ್ಚಿಯಿಂದ ಇಳಿದು ಸಹಿ ಪುಸ್ತಕ ಚಾಚಿದಳು. ಶನಿವಾರದ ಕನ್ನಡ ಕ್ಲಾಸಿನಲ್ಲಿ ಆಗಷ್ಟೇ ಅಕ್ಷರ ಕಲಿಯುತ್ತಿದ್ದಳು. ಹಿಂದಿನ ರಾತ್ರಿ ಅಜ್ಜಿ ಜೊತೆ ಕೂತು ಹಾಳೆ ತುಂಬ ಒಂದು "ಡ" ಬರೆದಿದ್ದಳು, ಡೊನಾಲ್ಡ್‌ಗೆ ಅಂತ. ಅವನು ಅದನ್ನು ನೋಡಿ ತಲೆ ಕೆರೆದುಕೊಂಡ. ಇವಳು ತನ್ನ ಬೆರಳಿಂದ "ಡ" ತಿದ್ದಿ ತೋರಿಸಿದಳು. ಅವನೂ ಆ ದಪ್ಪ ಬೆರಳಿಂದ ಅದರ ಮೇಲೆ ಹಾಗೇ ತಿದ್ದಿದ, ಆಮೇಲೆ ಅದರ ಕೆಳಗೆ ಸಹಿ ಹಾಕಿದ. ಆ ಹಾಳೆ ಈಗ ನಮ್ಮ ಫ್ರಿಜ್ಜಿನ ಮೇಲಿದೆ. (ಪೆನ್ನು ದಪ್ಪದ್ದೇ ತನ್ನಿ. ಸಣ್ಣ ಪೆನ್ನು ಆ ಗ್ಲೌಸಿನಲ್ಲಿ ನಿಲ್ಲುವುದಿಲ್ಲ.)

ಊಟ ಮುಗಿಸಿ ಹೊರಗೆ ಬಂದಾಗ ಒರ್ಲ್ಯಾಂಡೊ ಬಿಸಿಲು ನೆತ್ತಿ ಸುಡುತ್ತಿತ್ತು. ಆ ಹೊತ್ತಿಗೆ ಎಸಿ ಇರುವ ಥಿಯೇಟರಿಗಿಂತ ಒಳ್ಳೆ ಜಾಗ ಬೇರೆ ಇಲ್ಲ. ಫೆಸ್ಟಿವಲ್ ಆಫ್ ದ ಲಯನ್ ಕಿಂಗ್ ಆಟ ಈ ಪಾರ್ಕ್ ತೆರೆದ 1998ರಿಂದ ನಡೆಯುತ್ತಿದೆ, 2014ರಲ್ಲಿ ಹರಾಂಬೆ ಪಕ್ಕಕ್ಕೆ ಬಂತು. ಸುಮಾರು ಅರ್ಧ ಗಂಟೆ. ಮಧ್ಯದಲ್ಲಿ ರಂಗ, ನಾಲ್ಕೂ ಕಡೆ ಜನ. ಒಂದೊಂದು ಕಡೆಗೆ ಒಂದೊಂದು ಪ್ರಾಣಿಯ ಹೆಸರು: ಸಿಂಹ, ಆನೆ, ಜಿರಾಫೆ, ಕಾಡುಹಂದಿ. ಆಟ ಶುರುವಾಗುವ ಮೊದಲು ನಿಮ್ಮ ಪ್ರಾಣಿಯ ಕೂಗು ಕಲಿಸುತ್ತಾರೆ. ನಮಗೆ ಆನೆ ಸಿಕ್ಕಿತ್ತು. ಅತ್ತೆ ಸೊಂಡಿಲಿನ ಹಾಗೆ ಕೈ ಎತ್ತಿ ಘೀಳಿಟ್ಟಿದ್ದನ್ನು ನಾನು ಮರೆಯುವುದಿಲ್ಲ.

ಅರ್ಧ ಗಂಟೆ ಮೊದಲೇ ಹೋಗಿ. ಬೆಂಚುಗಳಿಗೆ ಒರಗು ಇಲ್ಲ, ಹಿರಿಯರಿದ್ದರೆ ಕೆಳಗಿನ ಸಾಲು ಕೇಳಿ. ಆದರೆ ಮಕ್ಕಳಿರುವವರಿಗೆ ಒಂದು ಮಾತು: ಮಧ್ಯದಲ್ಲಿ ಬೆಳಕು ಕಡಿಮೆ ಮಾಡಿ ಒಬ್ಬರು ಬೆಂಕಿ ಹಚ್ಚಿದ ಕೋಲು ತಿರುಗಿಸುತ್ತಾರೆ, ಸದ್ದೂ ಜೋರು. ನಮ್ಮವಳಿಗೆ ಮೊದಲೇ ಹೇಳಿಟ್ಟಿದ್ದೆ, ಅಜ್ಜನ ಕೈ ಹಿಡಿದು ನೋಡಿದಳು. ಮಂಗನ ವೇಷದವರು ಕಂಬದಿಂದ ಕಂಬಕ್ಕೆ ಹಾರುವಾಗ, ಹಕ್ಕಿಯ ಹಾಗೆ ಬಟ್ಟೆ ತೊಟ್ಟವಳು ಹಗ್ಗದ ಆಸರೆಯಲ್ಲಿ ಮೇಲಕ್ಕೆ ಹಾರಿದಾಗ ಅವಳ ಬಾಯಿ ತೆರೆದಿದ್ದು ಮುಚ್ಚಲೇ ಇಲ್ಲ. ಇಲ್ಲಿ ಹಾಡುವವರು, ಕುಣಿಯುವವರು ಎಲ್ಲ ಕಣ್ಣೆದುರು ನಿಂತು ಬೆವರು ಸುರಿಸುತ್ತಾರೆ. ಪಾರ್ಕಿನ ಯಾವ ದೊಡ್ಡ ರೈಡಿಗಿಂತಲೂ ಇದು ನನಗೆ ಹೆಚ್ಚು.

ಎರಡನೇ ಊಟವನ್ನು ಮರುದಿನ ಹಾಲಿವುಡ್ ಸ್ಟುಡಿಯೋಸ್ ಪಾರ್ಕಿನಲ್ಲಿ ಇಟ್ಟುಕೊಂಡಿದ್ದೆ. ಅಲ್ಲಿ ರಾತ್ರಿ ಫ್ಯಾಂಟಾಸ್ಮಿಕ್ ಅಂತ ಒಂದು ಆಟ. ಬಯಲು ರಂಗ, ಮುಂದೆ ನೀರು, ನೀರಿನ ಪರದೆ ಎಬ್ಬಿಸಿ ಅದರ ಮೇಲೆ ಚಿತ್ರ ಬಿಡುತ್ತಾರೆ. ಸಾವಿರಾರು ಜನ ಸೇರುತ್ತಾರೆ. ಸುಮ್ನೆ ಹೋದರೆ ಒಳ್ಳೆ ಜಾಗಕ್ಕೆ ಒಂದು ಗಂಟೆ ಮೊದಲು ಹೋಗಿ ಕೂರಬೇಕು, ಅತ್ತೆಯ ಮಂಡಿಗೆ ಅದು ಆಗದ ಮಾತು. ಊಟ ಮತ್ತು ಆಟದ ಸೀಟು ಸೇರಿಸಿ ಕೊಡುವ ಪ್ಯಾಕೇಜ್ ಇದೆ. ಹಾಲಿವುಡ್ ಆಂಡ್ ವೈನ್ ಹೋಟೆಲಿನಲ್ಲಿ ಮಿಕ್ಕಿಯ ಗೆಳತಿ ಮಿನ್ನಿ ಮತ್ತು ಗೆಳೆಯರ ಜೊತೆ ಊಟ ಮಾಡಿ, ಕಾದಿಟ್ಟ ಜಾಗಕ್ಕೆ ಹೋದೆವು. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಹಿರಿಯರು ಇದ್ದರೆ ನಾನು ಮತ್ತೆ ಇದನ್ನೇ ಮಾಡುತ್ತೇನೆ. ಮುಂದಿನ ಸಾಲುಗಳಿಗೆ ನೀರಿನ ಹನಿ ಹಾರುತ್ತದೆ, ಶಾಲು ಇರಲಿ. ಗುಡುಗು ಮಿಂಚು ಬಂದರೆ ಆಟ ನಿಲ್ಲಬಹುದು. ಬೇಸಿಗೆಯ ಸಂಜೆ ಫ್ಲಾರಿಡಾದಲ್ಲಿ ಅದು ಮಾಮೂಲು, ನಮ್ಮ ಹಾಗೆ ಪ್ರವಾಸದ ಕೊನೆಯ ರಾತ್ರಿಗೆ ಇದನ್ನು ಉಳಿಸಿಕೊಳ್ಳಬೇಡಿ.

ಮಿಕ್ಕಿಯ ಕನಸಿನಲ್ಲಿ ದುಷ್ಟರು ನುಗ್ಗುತ್ತಾರೆ, ಮಾಟಗಾತಿ ಮ್ಯಾಲೆಫಿಸೆಂಟ್ ಬೆಂಕಿ ಉಗುಳುವ ಡ್ರ್ಯಾಗನ್ ಆಗಿ ಏಳುತ್ತಾಳೆ. ಅಷ್ಟು ಹೊತ್ತಿಗೆ ನಮ್ಮ ಪುಟ್ಟಿ ಮಾವನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಎಬ್ಬಿಸೋಣವಾ ಅಂತ ಕೇಳಿದೆ. "ಬೇಡ, ಆಟದಲ್ಲಿ ಮಕ್ಕಳು ಮಲಗೋದು ಇದ್ದದ್ದೇ" ಅಂದರು ಮಾವ. ಕಣ್ಣು ಮಾತ್ರ ರಂಗದ ಮೇಲಿಂದ ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಹೋಟೆಲ್ ರೂಮಿನಲ್ಲಿ ನಾನು ಸಾಮಾನು ಕಟ್ಟುತ್ತಿದ್ದೆ. ಮಗಳು ಎದ್ದವಳೇ ಕೇಳಿದಳು, "ಅಜ್ಜ, ಡ್ರ್ಯಾಗನ್ ಏನಾಯ್ತು?" ಮಾವ ಟವಲನ್ನು ಮುಂಡಾಸಿನ ಹಾಗೆ ಸುತ್ತಿ, ಮಂಚದ ಮೇಲೆ ಕೂತು, ಭಾಗವತರ ಧಾಟಿಯಲ್ಲಿ ಶುರು ಮಾಡಿದರು: "ಇತ್ತ ಮಿಕ್ಕಿರಾಯನು ಕತ್ತಿಯನ್ನು ಹಿಡಿದು..." ಅತ್ತೆ ಕಾಫಿ ಲೋಟದ ಮೇಲೆ ಚಮಚದಿಂದ ತಾಳ ಹಾಕಿದರು. ಚೆಕ್‌ಔಟ್‌ಗೆ ಇಪ್ಪತ್ತು ನಿಮಿಷ ತಡವಾಯಿತು.